ಹಾಲ್ ಇಲ್ಲದ ಮನೆ

ದೇವೀರಮ್ಮಕ್ಕನ ಮನೆಗೆ ಹಾಲ್ ಇಲ್ಲ. ಬಣಕಲ್ ಸುತ್ತಮುತ್ತ ಯಾರನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ, ಮೂಗು ಮುರಿದೇ ಹೇಳುತ್ತಾರೆ. ಅಕ್ಕ ನನ್ನ ಓರಗಿತ್ತಿ. ನನ್ನ ಗಂಡ ಪ್ರಸನ್ನಕುಮಾರರ ಅಣ್ಣ ಧರ್ಮೇಶ್ ಭಾವನ ಹೆಂಡತಿ. ಎರಡು ಮನೆಗಳ ನಡುವೆ ಒಂದು ಬೇಲಿ. ಬೇಲಿಯ ಈಚೆ ನಮ್ಮ ಹಾಲ್, ಅದರಲ್ಲೊಂದು ಸೋಫಾ, ಸೋಫಾದ ಮೇಲೆ ಇನ್ನೂ ಬಿಚ್ಚದ ಪ್ಲಾಸ್ಟಿಕ್ಕು. ಅದು ನಮ್ಮವರ ಹೆಮ್ಮೆ, ನನ್ನದಲ್ಲ.

ಮೊದಲೆಲ್ಲ ಕಾಫಿ ಕೊಯ್ಲು ಶುರುವಾದರೆ ಶಿವರಾತ್ರಿಯವರೆಗೆ ಆಕಾಶ ನೋಡುವ ಕೆಲಸವಿರಲಿಲ್ಲ. ಸಿಪ್ಪೆ ತೆಗೆದ ಬೀಜವನ್ನು ಮನೆ ಮುಂದಿನ ಕಣದಲ್ಲಿ ಹರಡಿ, ಬರಿಗಾಲನ್ನು ಎಳೆದುಕೊಂಡು ಸಾಲುಸಾಲಾಗಿ ನಡೆದು ಹೊರಳಿಸುತ್ತಿದ್ದರೆ ತಾನಾಗಿ ಒಣಗುತ್ತಿತ್ತು. ಈಗ ಮಳೆಗೆ ತಿಂಗಳ ಹಂಗಿಲ್ಲ. ಒಂದು ವರ್ಷ ಕೊಯ್ಲಿನ ನಡುವೆ ದೇವರಮನೆ ಗುಡ್ಡದ ಕಡೆಯಿಂದ ಎದ್ದ ಮೋಡ ಸರಿಯಲೇ ಇಲ್ಲ. ಅಕ್ಕ ಬೀಜವನ್ನೆಲ್ಲ ಹೊತ್ತು ತಂದು ಹಳೆಯ ಮನೆಯೊಳಗೆ ಹರಡಿದರು. ನಡುಮನೆಯಲ್ಲಿ, ಮಂಚದ ಮೇಲೆ, ಕೊನೆಗೆ ದೇವರ ಮುಂದೆಯೂ. ಮನೆಯವರೆಲ್ಲ ಒಲೆಯ ಪಕ್ಕ ಮುದುರಿ ಮಲಗಿದರು. ಆದರೂ ಗಾಳಿಯಾಡದೆ ಬೀಜಕ್ಕೆ ಬೂಷ್ಟು ಹಿಡಿಯಿತು. ಅಕ್ಕ ಅಳಲಿಲ್ಲ. ತೀರಾ ಕೆಟ್ಟಿದ್ದನ್ನು ಗೊಬ್ಬರದ ಗುಂಡಿಗೆ ಸುರಿದು ಖಾಲಿ ಬುಟ್ಟಿಯನ್ನು ಗೋಡೆಗೆ ಒದ್ದರು.

ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವಾಗ ಅವರು ಕುಮಾರ್ ಮೇಸ್ತ್ರಿಗೆ ಹೇಳಿದ್ದು ಇಷ್ಟೇ: ನಡುವೆ ಕಣ, ಸುತ್ತ ಉಳಿದ ಜಾಗದಲ್ಲಿ ನಮಗೆ ಕೋಣೆಗಳು. ಕಣದ ಮೇಲೆ ಎತ್ತರದಲ್ಲಿ ಬಿಸಿಲು ಇಳಿಯುವ ಶೀಟು, ಗಾಳಿ ಈ ಕಡೆ ಹೊಕ್ಕು ಆ ಕಡೆ ಹೊರಡಲು ಎದುರುಬದುರು ಗೋಡೆಗಳ ಉದ್ದಕ್ಕೂ ಕಿಂಡಿ. ಮೇಸ್ತ್ರಿ ತಲೆ ಕೆರೆದುಕೊಂಡು, ಕಟ್ಟಿಕೊಡುತ್ತೇನೆ, ಆದರೆ ಯಾರು ಕಟ್ಟಿದ್ದು ಅಂತ ಯಾರಾದರೂ ಕೇಳಿದರೆ ನನ್ನ ಹೆಸರು ಮಾತ್ರ ಹೇಳಬೇಡಿ ಅಂದ. ನಮ್ಮವರು ಬೇಲಿ ದಾಟಿ ಹೋಗಿ, ಇದು ಮನೆಯೋ ಗೋಡೌನೋ ಅಂತ ಕೇಳಿದರು.

“ಅಜ್ಜ ಆಷಾಢದ ಮಳೆ ನೋಡಿ ಮನೆ ಕಟ್ಟಿದ್ರು. ಈಗಿನ ಮಳೆ ಬೇರೆ. ಮತ್ತೆ ಅದೇ ಮನೆ ಯಾಕೆ ಕಟ್ಲಿ?” ಅಂದರು ಅಕ್ಕ. ಭಾವ ಸುಮ್ಮನಿದ್ದರು. ಅವರು ಯಾವಾಗಲೂ ಸುಮ್ಮನಿರುತ್ತಾರೆ, ಅದಕ್ಕೇ ಆ ಸಂಸಾರ ನಡೆದಿದೆ.

ಹೋದ ಜನವರಿಯಲ್ಲಿ ಅವರ ಮಗಳು ಧನ್ಯಶ್ರೀಯನ್ನು ನೋಡಲು ಕಳಸದ ಕಡೆಯಿಂದ ಗಂಡಿನವರು ಬರುವುದೆಂದಾಯಿತು. ಹುಡುಗ ತನ್ಮಯ್, ಕಾಫಿ ತೋಟದ ಮನೆಯವನೇ. ಮೂಡಿಗೆರೆಯ ಒಂದು ಮದುವೆಯಲ್ಲಿ ಅವನನ್ನು ಕಂಡಿದ್ದ ಧನ್ಯ ನನ್ನ ಹತ್ತಿರ ಮಾತ್ರ, ಇವನಾದರೆ ಸರಿ ಚಿಕ್ಕಮ್ಮ ಅಂದಿದ್ದಳು. ಕಣದ ತುಂಬ ಬೀಜವಿದ್ದ ದಿನಗಳು. ನಮ್ಮವರು, ನಮ್ಮ ಹಾಲ್‌ನಲ್ಲಿ ತೋರಿಸೋಣ ಅಂದರು. ಈ ಮನೆಯ ಹುಡುಗಿಯನ್ನು ಈ ಮನೆಯಲ್ಲೇ ನೋಡಲಿ ಅಂದರು ಅಕ್ಕ. ನನಗೂ ಸಿಟ್ಟು ಬಂತು. ಹುಡುಗಿ ಮನಸ್ಸಿಟ್ಟ ಸಂಬಂಧ, ಒಂದು ದಿನ ಬಗ್ಗಿದರೆ ಇವರ ಗಂಟೇನು ಹೋಗುತ್ತಿತ್ತು?

ಗಂಡಿನವರು ಬಂದರು. ಕಣದ ಅಂಚಿನಲ್ಲಿ, ಕೋಣೆಯ ಬಾಗಿಲುಗಳ ಮುಂದೆ ಸಾಲಾಗಿ ಹಾಕಿದ್ದ ಕುರ್ಚಿಗಳಲ್ಲಿ ಕೂತರು, ಬಸ್ಸಿಗೆ ಕಾಯುವವರ ಹಾಗೆ. ಹುಡುಗನ ತಾಯಿ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡೇ ಕೂತಿದ್ದರು. ಆಗ ಶೀಟಿನ ಮೇಲೆ ಮಳೆ ಬಿತ್ತು.

ನಮ್ಮವರ ಮುಖ ನೋಡಬೇಕಿತ್ತು. ನಮ್ಮ ಬೀಜ ಬಯಲು ಕಣದಲ್ಲಿತ್ತು! ಗಂಡಿನವರನ್ನೂ ಮರೆತು ಬೇಲಿ ದಾಟಿ ಓಡಿದರು, ಹಿಂದೆಯೇ ನಾನೂ ಭಾವನೂ. ಹಾಲ್‌ಗೆ ಹಾಕೋಣವೇ ಅಂತ ಕೇಳಿದೆ, ಬೇಕಂತಲೇ ಕೇಳಿದೆ. ಅವರು ಬಗ್ಗಿ ಬುಟ್ಟಿಗೆ ಬೀಜ ಬಾಚತೊಡಗಿದರು. ಅಷ್ಟರಲ್ಲಿ ಅಕ್ಕ ಕಿಂಡಿಯಿಂದ ಕೂಗಿ, ಎಲ್ಲ ಇಲ್ಲಿಗೇ ತನ್ನಿ ಅಂದರು. ಬುಟ್ಟಿಬುಟ್ಟಿ ತಂದು ಸುರಿದೆವು. ಜಾಗ ಸಾಲದೆ ಗಂಡಿನವರ ಕುರ್ಚಿಗಳನ್ನು ತೆಗೆಸಿದೆವು. ಅವರೆಲ್ಲ ಗೋಡೆಗೆ ಒತ್ತಿ ನಿಂತರು.

ಹುಡುಗನ ತಾಯಿಯ ಸಹನೆ ಮುಗಿಯಿತು. “ಹುಡುಗೀನ ಆ ಮದುವೇಲೇ ನೋಡಿದೀವಿ, ಒಪ್ಪಿಗೆ. ಆದ್ರೆ ನಿಶ್ಚಿತಾರ್ಥಕ್ಕೆ ನಮ್ಮ ಜನ ಬರ್ತಾರೆ. ಅಷ್ಟರಲ್ಲಿ ಇದನ್ನೆಲ್ಲ ಖಾಲಿ ಮಾಡಿಸಿ, ಮನೆ ಅಂತ ಅನ್ನಿಸೋ ಹಾಗೆ ಇಡಿ.”

“ಮನೆ ಅಂತ್ಲೇ ಇದನ್ನ ಕಟ್ಸಿದ್ದು,” ಅಂದರು ಅಕ್ಕ. “ಕಾಫಿ ಒಣಗಿದ ಮೇಲೆ ನಿಶ್ಚಿತಾರ್ಥ. ಅವಸರ ಇದ್ರೆ ನೀವು ಬೇರೆ ಕಡೆ ನೋಡ್ಬಹುದು.”

ಧನ್ಯಶ್ರೀ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು, ಕಣ್ಣು ತುಂಬಿತ್ತು. ಗಂಡಿನವರು ಕಣದ ಆಚೆ ಬದಿ. ಅವಳು ಸುತ್ತು ಹಾಕಿ ಹೋಗಲಿಲ್ಲ. ರೇಷ್ಮೆ ಸೀರೆಯಲ್ಲೇ ನಮ್ಮ ಒದ್ದೆ ಬೀಜದ ನಡುವೆ ಇಳಿದು, ದಿನಾ ನಡೆಯುವಂತೆ ಬರಿಗಾಲು ಎಳೆಯುತ್ತ ನೇರ ನಡೆದಳು. ಹಿಂದೆ ಒಂದು ಸಾಲು ಬಿತ್ತು. ತಟ್ಟೆಯನ್ನು ಅತ್ತೆಯಾಗಬೇಕಾದವರ ಮುಂದೆ ಹಿಡಿದು, ತಗೊಳ್ಳಿ ಅಂದಳು. ಅವರು ಕೈ ಚಾಚಲಿಲ್ಲ.

ತನ್ಮಯ್ ಒಂದು ಲೋಟ ತೆಗೆದುಕೊಂಡ. ಗಟಗಟನೆ ಕುಡಿದು ಕೆಳಗಿಟ್ಟ. ಸಾಕ್ಸ್ ಬಿಚ್ಚಿ ಜೇಬಿಗೆ ತುರುಕಿ, ಪ್ಯಾಂಟು ಮಡಚಿ ಕಣಕ್ಕೆ ಇಳಿದ. ಅವನ ತಾಯಿ, ಏನೋ ಇದು, ಅಂದರು.

“ಹೊರಳಿಸದಿದ್ರೆ ಬೂಷ್ಟು ಹಿಡಿಯುತ್ತಮ್ಮ. ನಮ್ಮನೇದು ಈಗ ಅಲ್ಲಿ ನೆನೀತಿರುತ್ತೆ,” ಎನ್ನುತ್ತ ಧನ್ಯಳ ಸಾಲಿನ ಪಕ್ಕ ಕಾಲು ಎಳೆದುಕೊಂಡು ಹೊರಟ.

ಎಲ್ಲರೂ ಅಕ್ಕನ ಮುಖ ನೋಡಿದೆವು. ಆ ಪುಣ್ಯಾತ್ಗಿತ್ತಿ ಅವನ ಹಿಂದಿನ ಸಾಲನ್ನು ನೋಡುತ್ತಿದ್ದರು.

“ಸೊಟ್ಟ ಹೋಗ್ತಿದೆ ಮಾರಾಯ,” ಅಂದರು. “ನೇರ ಎಳಿ.”