ಮುಖದ ಹೊರಗೆ ಬಿದ್ದ ಕಣ್ಣುಗಳು

ದುಬೈಯ ನಮ್ಮ ಸ್ಟುಡಿಯೋಗೆ ಆ ವೃದ್ಧರು ಬಂದದ್ದು ಬೆಲ್ಜಿಯಂನಿಂದ. ಮಕ್ಕಳ ಕಾಮಿಕ್ಸ್ ಬರೆದೇ ಹೆಸರಾದವರು. ಯುರೋಪಿನಲ್ಲಿ ಎರಡು ತಲೆಮಾರಿನ ಚಿತ್ರಗಾರರು ಅವರ ಗೆರೆಯನ್ನು ನಕಲು ಮಾಡುತ್ತಲೇ ಕೈ ಪಳಗಿಸಿಕೊಂಡಿದ್ದರಂತೆ. ಅವರ ಪುಸ್ತಕ ಓದಿ ಬೆಳೆದಿದ್ದ ಸ್ಟುಡಿಯೋದ ಯಜಮಾನರು ಮರುಭೂಮಿಯ ಕತೆಯೊಂದನ್ನು ಬರೆಸಲು ಕರೆಸಿಕೊಂಡಿದ್ದರು. ಅದಕ್ಕೆ ಬಣ್ಣ ತುಂಬುವುದು ನನ್ನ ಕೆಲಸ.

ಅವರಿಗೆ ಕಣ್ಣು ಹೋಗುತ್ತಿತ್ತು. ನೋಟದ ಅಂಚು ಉಳಿದು, ನಡುಭಾಗವೆಲ್ಲ ಕಪ್ಪಾಗಿತ್ತು. ಅದು ನನಗೆ ತಿಳಿದದ್ದು ಅವರು ಒಂಟೆ ಸವಾರನೊಬ್ಬನ ಮುಖ ಬರೆದು ತಂದಾಗ. ಗೆರೆ ಒಂದೇ ಉಸಿರಿಗೆ ಎಳೆದಷ್ಟು ಸ್ವಚ್ಛ. ಕಣ್ಣೆರಡು ಮಾತ್ರ ಕೆನ್ನೆಯಾಚೆ, ಗಾಳಿಯಲ್ಲಿದ್ದವು.

“ಹೇಗಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಕಣ್ಣು ಮುಖದ ಹೊರಗೆ ಬಿದ್ದಿದೆ, ಸರ್.”

ಹಾಳೆಯ ಮೇಲೆ ಬೆರಳಾಡಿಸಿದರು. ಹಸಿ ಮಸಿ ಬೆರಳಿಗೆ ಮೆತ್ತಿತು. “ಹಾಗಾದರೆ ನಾನು ಹೇಳುತ್ತೇನೆ, ನೀನು ಬರಿ” ಎಂದರು.

ಕರಾಮ ಬಡಾವಣೆಯಲ್ಲಿ ಅವರ ಫ್ಲ್ಯಾಟ್ ನಾವಿದ್ದ ಕಟ್ಟಡದಲ್ಲೇ ಇತ್ತು. ಸಂಜೆ ನಾನು ಬರೆಯಲು ಅಲ್ಲಿಗೆ ಹೊರಟರೆ ನನ್ನ ಗಂಡ, “ಆ ಅಜ್ಜನಿಗೆ ಸ್ವಲ್ಪ ಗಂಜಿ ತಕೊಂಡು ಹೋಗು ಮಾರಾಯ್ತಿ, ಬರೀ ಬ್ರೆಡ್ ತಿಂತಾರೆ” ಎನ್ನುತ್ತಿದ್ದರು. ಅಜ್ಜ ಗಂಜಿ ಕುಡಿಯುತ್ತ ಹೇಳಿಕೊಡುತ್ತಿದ್ದರು: “ಭಯ ಬಾಯಲ್ಲಿ ಇರುವುದಿಲ್ಲ, ಭುಜದಲ್ಲಿರುತ್ತದೆ. ಅಲ್ಲಿ ಹುಡುಕು.” ಚಿಕ್ಕಂದಿನಲ್ಲಿ ಮಾಂಸದಂಗಡಿಯ ಕಾಗದದ ಮೇಲೆ ಬರೆಯುತ್ತಿದ್ದರಂತೆ, ರಕ್ತದ ಕಲೆ ಬಿಟ್ಟು ಉಳಿದ ಜಾಗದಲ್ಲಿ.

ಪುಸ್ತಕ ಮುಗಿಯುವ ಹೊತ್ತಿಗೆ ಅವರೇ ನನ್ನನ್ನು ಯಜಮಾನರ ಬಳಿಗೆ ಕರೆದೊಯ್ದರು. “ಕೈ ಇವಳದು. ಇವಳ ಹೆಸರೂ ಹಾಕಿ.”

ಯಜಮಾನರು ಪುಟಗಳನ್ನು ತಿರುವಿ ನೋಡಿದರು. ಆಮೇಲೆ ಪಕ್ಕಕ್ಕೆ ಸರಿಸಿದರು. “ನಾನು ಕರೆಸಿದ್ದು ನಿಮ್ಮ ಕೈಯನ್ನು. ಖಲಾಸ್.”

ಪುಸ್ತಕ ಅಚ್ಚಾಗಲಿಲ್ಲ. ಅಜ್ಜನ ವೀಸಾ ರದ್ದಾಯಿತು. ಊರಿಗೆ ಹೊರಡುವ ಮೊದಲೇ, ಒಂದು ಬೆಳಿಗ್ಗೆ ನಾನು ಗಂಜಿ ಕೊಡಲು ಹೋದಾಗ ಬಾಗಿಲು ತೆರೆಯಲಿಲ್ಲ. ವಾಚ್‌ಮನ್ ಬೀಗ ತೆಗೆದ. ಕುರ್ಚಿಯಲ್ಲೇ ಪ್ರಾಣ ಹೋಗಿತ್ತು.

ಜೆಬೆಲ್ ಅಲಿಯ ಚಿತಾಗಾರದಲ್ಲಿ ಇದ್ದವರು ನಾನು, ನನ್ನ ಗಂಡ, ಬ್ರಸೆಲ್ಸ್‌ನಿಂದ ಬಂದ ಅವರ ಮಗಳು, ಅಷ್ಟೇ. ಹೊರಗೆ ಬಿಸಿಲಲ್ಲಿ ಆಕೆ ಕೇಳಿದಳು, “ಅಪ್ಪ ಕೊನೆಯವರೆಗೂ ಬರೆಯುತ್ತಿದ್ದರೇ?”

“ಇಲ್ಲ. ಅವರು ಹೇಳಿಕೊಡುತ್ತಿದ್ದರು, ನಾನು ಬರೆಯುತ್ತಿದ್ದೆ.”

ಆಕೆ ನನ್ನ ಕೈಗಳನ್ನೇ ನೋಡಿದಳು. “ನನಗೆ ಅವರ ಪೆನ್ನು ಮುಟ್ಟಲೂ ಬಿಡುತ್ತಿರಲಿಲ್ಲ” ಎಂದು ಹೇಳಿ, ಟ್ಯಾಕ್ಸಿಯತ್ತ ನಡೆದಳು.