ಕೌದಿಯ ಹೊಟ್ಟೆ

ಇವತ್ತು ಬೆಳಿಗ್ಗೆ ದಾಂಡೇಲಿಯ ನಮ್ಮ ಮನೆಯ ತಾರಸಿಯ ಮೇಲೆ ಒಂದು ಕೌದಿಯನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದೆ. ಗಿರಣಿಯ ಮುಂದೆ ನಿಂತಾಗ ಬರುವಂಥ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಕೈಮೇಲೆ, ಲುಂಗಿಯ ಮೇಲೆ ಬಿಳಿ ಪುಡಿ. ಕೌದಿಯ ನಟ್ಟನಡುವಿನ ತುಂಡಿನ ಒಂದು ಬದಿ ಹೊಲಿಗೆ ಬಿಟ್ಟಿತ್ತು. ಅಲ್ಲಿಂದ ಒಂದು ನುಸಿ, ನಿದ್ದೆ ಕೆಡಿಸಿದ್ದಕ್ಕೆ ಬೇಸರಪಟ್ಟವರ ಹಾಗೆ, ನಿಧಾನವಾಗಿ ಹೊರಗೆ ಬಂತು. ಹೊದಿಕೆಯೊಳಗಿಂದ ಹಿಟ್ಟು ಉದುರಿದರೆ ನಿಮಗೆ ವಿಚಿತ್ರವೆನಿಸಬಹುದು. ನನಗೆ ಅನಿಸಿದ್ದು ಇಷ್ಟೇ: ಪಾಪ, ಇದರ ಹೊಟ್ಟೆ ಖಾಲಿಯಾಗಿದೆ.

ಮರುಕ್ಷಣವೇ ನಾಚಿಕೆಯಾಯಿತು. ಧಾರವಾಡದಲ್ಲಿ ಇತಿಹಾಸ ಓದಿ ಬಂದವನು ನಾನು. ಸಾಕ್ಷಿಯಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು. ಅಂಥವನು ಹಳೆ ಬಟ್ಟೆಗೆ ಹಸಿವಾಗುತ್ತದೆ ಎಂದು ಕನಿಕರಪಡುವುದೆಂದರೇನು?

ಕೌದಿ ನನ್ನದಲ್ಲ, ಕೈತಾನನದು. ಕೈತಾನ ನನ್ನ ದೊಡ್ಡವ್ವ ರುಜಾಯಳ ಮೊಮ್ಮಗ, ಸೈನಿಕ. ರಜೆ ಮುಗಿಸಿ ಹೊರಟವನು ನಿನ್ನೆ ನಮ್ಮಲ್ಲಿ ಇಳಿದಿದ್ದಾನೆ. ಇವತ್ತು ಸಂಜೆಯ ಬಸ್ಸಿಗೆ ಹೋಗಬೇಕು. ಈಗ ಕೆಳಗೆ, ಗುಂಡು ಹಾರಿಸಿದರೂ ಏಳದಂತೆ ಮಲಗಿದ್ದಾನೆ. ಅವನು ಏಳುವುದರೊಳಗೆ ಆ ಬಿಟ್ಟ ಹೊಲಿಗೆಗೆ ಏನಾದರೂ ಮಾಡಬೇಕು. ಏನು ಮಾಡಬೇಕೆಂದು ಯೋಚಿಸುತ್ತ ಕೂತಾಗ, ಈ ಕೌದಿ ವಿದೇಶಕ್ಕೆ ಹೋದ ವರ್ಷ ನೆನಪಾಯಿತು. ನನ್ನ ನೆನಪಿನ ಮೇಲೆ ಮಾತ್ರ ಹೆಚ್ಚು ಭಾರ ಹಾಕಬೇಡಿ. ಕಾರಣ ಮುಂದೆ ಗೊತ್ತಾಗುತ್ತದೆ.

ಹಳಿಯಾಳದ ಆಚೆ ಕಾಡಿನಂಚಿಗೆ ನಮ್ಮ ವಾಡೆ, ಒಂದು ಪುಟ್ಟ ಊರು. ನಾವು ಸಿದ್ದಿಗಳು, ಎಂದೋ ಆಫ್ರಿಕದಿಂದ ಬಂದವರ ಸಂತತಿ. ಒಂದೇ ಓಣಿಯಲ್ಲಿ ಶಿಲುಬೆಯ ಮನೆ, ಅದರ ಪಕ್ಕ ನಮಾಜಿನ ಮನೆ, ಎದುರಿಗೆ ತುಳಸಿಕಟ್ಟೆಯ ಮನೆ. ಹಬ್ಬ ಯಾರದ್ದಾದರೂ ಎಣ್ಣೆ ಕಾಯುವುದು ಎಲ್ಲರ ಒಲೆಯ ಮೇಲೆ. ಕೌದಿ ಹೊಲಿಯುವುದೂ ಹಾಗೆ. ಹಳೆ ಸೀರೆ, ಹರಿದ ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಅಂಗೈಯಗಲ ಜಾಗ ಉಳಿಯುತ್ತದೆ. ಅದೇ ಹೊಟ್ಟೆ. ಅದರೊಳಗೆ ಹಿಡಿ ಅಕ್ಕಿ ಹಾಕಿ ಮೇಲೆ ತುಂಡು ಮುಚ್ಚಿ ಹೊಲಿದರೆ ಕೌದಿ ಮುಗಿಯಿತು. ಹೊಟ್ಟೆ ತುಂಬದ ಕೌದಿಯನ್ನು ಯಾರಿಗೂ ಹೊದಿಸುವಂತಿಲ್ಲ. ಹಸಿದ ಕೌದಿ ಹೊದ್ದವರನ್ನೂ ಹಸಿವಿನಲ್ಲಿಡುತ್ತದೆ ಎಂಬುದು ನಮ್ಮ ಹೆಂಗಸರ ನಂಬಿಕೆ.

ಮನೆಬಿಟ್ಟು ಹೋಗುವ ಪ್ರತಿ ಮಗುವಿಗೂ ದೊಡ್ಡವ್ವ ಒಂದು ಕೌದಿ ಕೊಟ್ಟು ಕಳಿಸಿದ್ದಳು. ಕೈತಾನನಿಗೆ ಮಾತ್ರ ಕೊಟ್ಟಿರಲಿಲ್ಲ. ಓಟದಲ್ಲಿ ಗೆದ್ದು ಗೆದ್ದು ಅವಸರದಲ್ಲೇ ಫೌಜು ಸೇರಿದ, ಅಲ್ಲಿಂದ ಅವಸರದಲ್ಲೇ ಶಾಂತಿಪಡೆಯ ನೀಲಿ ಟೊಪ್ಪಿಗೆ ಹಾಕಿಕೊಂಡು ಆಫ್ರಿಕಕ್ಕೆ ಹೋದ. ದೊಡ್ಡವ್ವನಿಗೆ ಅದೊಂದೇ ಕೊರಗು. ಕಣ್ಣು ಮಂಜಾಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಹಲೀಮಾಬಿಯನ್ನು ಕರೆಯಬೇಕಾಗಿತ್ತು. ಆದರೂ ಮಳೆಗಾಲವಿಡೀ ಹೊಲಿದಳು. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಅದು ಹುಡುಗನ ಕೈ ಸೇರಬೇಕು.

ನಾನು ಎಂದಿನಂತೆ ಬುದ್ಧಿ ಹೇಳಲು ಹೋದೆ. “ದೊಡ್ಡವ್ವಾ, ಅಲ್ಲಿ ಭಾಳ ಶೆಕಿ. ಕೌದಿ ಯಾಕ?”

“ಥಂಡಿಗಷ್ಟ ಕೌದಿ ಏನಪಾ? ಹಾಸ್ಕೊಂಡು ಮಲಗ್ತಾನ. ಮತ್ತ ಅಲ್ಲಿ ನಮ್ಮ ಮಂದಿನ ಇರ್ತಾರಂತಲ್ಲ?”

“ಅದು ದೊಡ್ಡ ಖಂಡ. ನಮ್ಮ ಹಿರಿಯರು ಯಾವ ಮೂಲಿಯಿಂದ ಬಂದ್ರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇವ ಹೋಗಿದ್ದು ಯಾವುದೋ ಬ್ಯಾರೆ ಮೂಲಿಗೆ.”

“ಮೂಲಿ ಬ್ಯಾರೆ ಆದ್ರ ಮಂದಿ ಊಟಾ ಮಾಡೂದಿಲ್ಲೇನು?” ಎಂದು ಹಲೀಮಾಬಿ ದಾರ ಕಚ್ಚಿ ಹರಿದಳು. ಅಷ್ಟರಲ್ಲಿ ನನ್ನ ಧಾರವಾಡದ ಕಾಲದ ಖಾದಿ ಜುಬ್ಬದ ತೋಳು ಕೌದಿಯ ಕಾಲ್ಬದಿಯಲ್ಲಿ ಕಾಣಿಸಿತು. ಆ ಜುಬ್ಬ ತೊಟ್ಟು ನಾನು ಜಗತ್ತನ್ನು ಬದಲಿಸಲು ಹೊರಟಿದ್ದೆ. ಕೇಳದೆ ಕತ್ತರಿಸಿದ್ದರು. ಅದು ಕಡುಗೆಂಪಿನದು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಇವತ್ತು ಬಿಸಿಲಿನಲ್ಲಿ ಹಿಡಿದು ನೋಡಿದೆ. ಬದನೆಕಾಯಿ ಬಣ್ಣ. ಮಾಸಿದ್ದಲ್ಲ, ಹೊಲಿಗೆಯ ಒಳಮಡಿಕೆಯಲ್ಲೂ ಅದೇ ಬಣ್ಣ.

ಕೈತಾನನ ಪಡೆಯ ಇನ್ನೊಂದು ತಂಡ ಬೆಳಗಾವಿಯಿಂದ ಹೊರಡುವುದಿತ್ತು. ಅದರಲ್ಲಿ ಹಳಿಯಾಳದ ಕಡೆಯ ಒಬ್ಬ ಹವಾಲ್ದಾರರಿದ್ದರು. ಒಂದು ಪೆಟ್ಟಿಗೆ ಒಯ್ಯಲು ಅವರು ಒಪ್ಪಿದರು. ಸುದ್ದಿ ಓಣಿಗೆ ತಿಳಿದದ್ದೇ ತಡ, ಕೈತಾನನೊಬ್ಬನಿಗೇ ಏಕೆ, ಅವನ ಜೊತೆಯ ಹುಡುಗರಿಗೆಲ್ಲ ಆಗಲಿ ಎಂದು ತಿಂಡಿ ಬಂದು ಬಿದ್ದಿತು. ಚಕ್ಕುಲಿ, ಶಂಕರಪೋಳಿ, ಚಿವಡಾ, ತೆಂಗಿನಕಾಯಿಯ ನೆವ್ರಿ. ಎದುರುಮನೆಯವರು ಅದನ್ನೇ ಕರ್ಚಿಕಾಯಿ ಎಂದು ತಂದರು. ನಾತಾಳದ ನೆವ್ರಿ ಮೊದಲೋ ದೀಪಾವಳಿಯ ಕರ್ಚಿಕಾಯಿ ಮೊದಲೋ ಎಂದು ವಾದವಾಗಿ, ಎರಡನ್ನೂ ತಿಂದು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬಹಳ ಹೊತ್ತು ತೀರ್ಮಾನಿಸಿದೆ.

ಪೆಟ್ಟಿಗೆ ಒಯ್ಯುವ ದಿನವೇ ಕೌದಿಯ ಹೊಟ್ಟೆ ತುಂಬಿಸುವ ದಿನ. ಅಂಗಳದಲ್ಲಿ ಹೆಂಗಸರೆಲ್ಲ ಅಕ್ಕಿ ಹಿಡಿದು ಕೂತಿದ್ದರು. ಹವಾಲ್ದಾರರು ಜೀಪಿನಲ್ಲಿ ಬಂದರು. ಬೈಕಿನಲ್ಲಿ ಎನ್ನುತ್ತಾಳೆ ಹಲೀಮಾಬಿ. ಅಷ್ಟು ದೊಡ್ಡ ಪೆಟ್ಟಿಗೆ ಬೈಕಿನ ಮೇಲೆ ಹೇಗೆ ಹೋದೀತು ಎಂದು ಕೇಳಿದರೆ, “ಹಿಂದ ಕುಂತು ಅಪ್ಪಿ ಹಿಡಕೊಂಡಾವ ನೀನ ಅಲ್ಲೇನೋ ಮಾಸ್ತರ?” ಎನ್ನುತ್ತಾಳೆ. ಇರಬಹುದು.

ಹೇಗಾದರೂ ಬಂದರು. ಬಂದವರು ಅಕ್ಕಿ ನೋಡಿ ಗಾಬರಿಯಾದರು. “ಇದೇನ್ರೀ ಬಾಯಾರ, ಒಳಗ ಅಕ್ಕಿ ಹಾಕಾಕತ್ತೀರಿ? ಕಾಳು, ಬೀಜ ಏನೂ ಒಯ್ಯಾಕ ಬಿಡೂದಿಲ್ರಿ. ಹುಳ ಹೊಕ್ಕಾವಂತ ಅಲ್ಲಿಯವರು ಪೆಟಗಿನ ತಡೀತಾರ. ಕರದಿದ್ದು ನಡಿತೈತಿ, ಕಾಳು ನಡ್ಯಂಗಿಲ್ಲ.”

ದೊಡ್ಡವ್ವ ಕೈಯಲ್ಲಿದ್ದ ಅಕ್ಕಿಯನ್ನು ಕೆಳಗಿಡಲಿಲ್ಲ. “ಹಸಿದ ಕೌದಿ ಕಳಸೂದಿಲ್ಲ ನಾ,” ಎಂದಳು. “ತಿಂಡಿ ಒಯ್ಯಿರಿ. ಕೌದಿ ಇಲ್ಲೇ ಇರ್ಲಿ.” ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಇದೊಂದು ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ.

“ಕರದಿದ್ದು ನಡಿತೈತಿ ಅಂದ್ರಲ್ಲ, ಚಕ್ಕುಲಿ ತುಂಬೂಣು,” ಎಂದಳು ಹಲೀಮಾಬಿ.

“ಖಾಲಿ ಹೊಟ್ಟ್ಯಾಗ ಚಕ್ಕುಲಿ ಹಾಕಿ ಅಷ್ಟು ದೂರ ಕಳಸ್ತಿ? ವಾಂತಿ ಮಾಡ್ಕೊಂತೈತಿ ಅದು!” ಎಂದು ದೊಡ್ಡವ್ವ ಗದರಿದಳು.

ಹವಾಲ್ದಾರರೇ ಮೊದಲು ನಕ್ಕರು. ಆಮೇಲೆ ಇಡೀ ಅಂಗಳ ನಕ್ಕಿತು. ಆ ನಗುವಿನ ನಡುವೆ ಯಾರೋ ಅಂದರು: “ಹೊಟ್ಟಿ ತೆರದ ಇಡ್ರಿ. ಸೂಜಿ ದಾರ ಚುಚ್ಚಿ ಕಳಸ್ರಿ. ಹೋದಲ್ಲೆ ಉಣ್ತೈತಿ.”

ಆ ಯಾರೋ ನಾನೇ ಎಂದು ನನಗೆ ಖಾತ್ರಿಯಿತ್ತು. ಹಲೀಮಾಬಿಗೆ ಅವಳೇ ಎಂದು ಖಾತ್ರಿ. ಹವಾಲ್ದಾರರು ಊರಿಗೆ ಬಂದಾಗಲೆಲ್ಲ ತಾವೇ ಹೇಳಿದ್ದು ಎಂದು ಹೇಳಿಕೊಳ್ಳುತ್ತಾರಂತೆ. ನಾನು ಈ ವಿಷಯದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಣೆ ನಡೆಸಿದ್ದೂ ಉಂಟು. ಸಾಕ್ಷಿಗಳು ಹೆಚ್ಚಾದಷ್ಟೂ ಸತ್ಯ ಕಾಡಿನೊಳಕ್ಕೆ ಸರಿಯಿತು.

ಕೌದಿ ಹೋಯಿತು, ಬಾಯಿ ತೆರೆದ ಹೊಟ್ಟೆಯ ಮೇಲೆ ಒಂದು ಸೂಜಿ ಚುಚ್ಚಿಕೊಂಡು. ಅವತ್ತಿನಿಂದ ದೊಡ್ಡವ್ವನಿಗೂ ಊಟ ಸೇರಲಿಲ್ಲ.

ನಾತಾಳದ ದಿನ ಕೈತಾನ ವಿಡಿಯೊ ಕರೆ ಮಾಡಿದ. ನಮ್ಮ ವಾಡೆಯಲ್ಲಿ ನೀರಿನ ಟಾಕಿಯ ಹತ್ತಿರ ಮಾತ್ರ ಫೋನು ಮಾತನಾಡುತ್ತದೆ. ಹೊಸ ಬಟ್ಟೆಯ ಜನವೆಲ್ಲ ಅಲ್ಲಿ ಸೇರಿತು. ಚಕ್ಕುಲಿ ಹೇಗಿತ್ತು, ಎಷ್ಟು ಮುರಿದಿತ್ತು ಎಂದು ಎಲ್ಲರೂ ಕೂಗುತ್ತಿದ್ದರೆ ದೊಡ್ಡವ್ವ ಫೋನನ್ನು ಕಸಿದುಕೊಂಡು ಒಂದೇ ಮಾತು ಕೇಳಿದಳು: “ಹೊಟ್ಟಿ ತುಂಬ್ಸಿದಿ?”

“ತುಂಬ್ಸೇನಿ ಅಜ್ಜೀ, ನೋಡಿಲ್ಲೆ!” ಫೋನಿನಲ್ಲಿ ಕೌದಿ ಕಾಣಿಸಿತು. ನಡುವೆ ನಮ್ಮ ಓಣಿಯದಲ್ಲದ ಒಂದು ತುಂಡು, ಹಳದಿಯ ಮೇಲೆ ದೊಡ್ಡ ದೊಡ್ಡ ನೀಲಿ ಎಲೆ.

ಅವರ ಠಾಣ್ಯದ ಗೇಟಿನ ಬಳಿ ಒಬ್ಬ ಮುದುಕಿ ಚಹಾ ಮಾರುತ್ತಿದ್ದಳಂತೆ. ಕೈತಾನ ಕೌದಿ ಒಯ್ದು, ಭಾಷೆ ಬಾರದೆ, ತನ್ನ ಹೊಟ್ಟೆ ಮುಟ್ಟಿ ತೋರಿಸಿದ. ಪಾಪ ಹುಡುಗ ಹಸಿದಿದ್ದಾನೆ ಎಂದು ಅವಳು ರೊಟ್ಟಿ ಕೊಟ್ಟಳು. “ತೆಳ್ಳಗ, ಜ್ವಾಳದ ದ್ವಾಸಿ ಇದ್ದಂಗ ಇತ್ತು. ತಿಂದೆ.” ಆಮೇಲೆ ಕೌದಿಯ ಹೊಟ್ಟೆ ಮುಟ್ಟಿ ತೋರಿಸಿದ. ಅವಳು ಕೌದಿಯನ್ನು ನೋಡಿದಳು, ಇವನನ್ನು ನೋಡಿದಳು, ನೆಲಕ್ಕೆ ಕೂತು ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಚೀಲದಿಂದ ಹಿಡಿ ಜೋಳ ತೆಗೆದು ಹಾಕಿದಳು. ಇವನು ಹೊಲಿಯುವ ರೀತಿ ನೋಡಲಾರದೆ ಸೂಜಿ ಕಿತ್ತುಕೊಂಡು, ತನ್ನದೇ ಬಟ್ಟೆಯ ತುಂಡು ಮುಚ್ಚಿ ತಾನೇ ಹೊಲಿದಳು.

ದೊಡ್ಡವ್ವ ಫೋನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. “ಹೊಲಿಗಿ ಉಲ್ಟಾ ಹಾಕ್ಯಾಳ. ಆದ್ರ ಗಟ್ಟಿ ಹಾಕ್ಯಾಳ,” ಎಂದಳು. ಅವತ್ತು ಎರಡು ಸಲ ಉಂಡಳು. ಸಂಜೆ ಢಮಾಮಿ ಬಾರಿಸಿದಾಗ ಕುಣಿದಳು ಕೂಡ. ನಾನೂ ಕುಣಿದೆನಂತೆ. ಇದಕ್ಕೆ ಸಾಕ್ಷಿಗಳಿದ್ದಾರೆ, ನಾನು ಒಪ್ಪುವುದಿಲ್ಲ.

ಇಷ್ಟೆಲ್ಲ ನೆನೆದು ತಾರಸಿಯಿಂದಲೇ ದೊಡ್ಡವ್ವನಿಗೆ ಫೋನು ಹಚ್ಚಿದೆ. ಅದೃಷ್ಟಕ್ಕೆ ಟಾಕಿಯ ಹತ್ತಿರವೇ ಇದ್ದಳು. “ಕೈತಾನನ ಕೌದಿಯೊಳಗಿನ ಜ್ವಾಳ ನುಸಿ ತಿಂದೈತಿ. ಮತ್ತೊಮ್ಮೆ ತುಂಬಬೇಕೇನು?” ಎಂದು ಕೇಳಿದೆ. ಹಾಗೇ, “ಅವತ್ತು ಹೊಟ್ಟಿ ತೆರದ ಇಡ್ರಿ ಅಂದವರು ಯಾರು?” ಎಂದೂ ಕೇಳುವವನಿದ್ದೆ.

“ಹಸದಾವರಿಗೆ ನೀಡಾಕ ಫೋನ್ ಹಚ್ಚಿ ಕೇಳ್ತಾರೇನಪಾ ಮಾಸ್ತರ?” ಎಂದು ನಕ್ಕು ಇಟ್ಟೇಬಿಟ್ಟಳು. ಎರಡನೆಯ ಪ್ರಶ್ನೆ ನನ್ನಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅದು ಉಳಿದದ್ದೂ ಮರೆತುಹೋಯಿತು.

ನುಸಿಯನ್ನು ಗೋಡೆಯಾಚೆ ಬಿಟ್ಟೆ. ಹಳೆ ಹಿಟ್ಟು ಕೊಡವಿ, ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತಂದು ನೀಲಿ ಎಲೆಗಳ ಕೆಳಗೆ ತುಂಬಿದೆ. ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾಯಿತು. ಆ ಚಹಾದ ಅಜ್ಜಿ ಉಲ್ಟಾ ಹಾಕಿದ್ದ ದಾರಿಯಲ್ಲೇ ಉಲ್ಟಾ ಹೊಲಿಯುತ್ತಿದ್ದಾಗ ಹೆಂಡತಿ ಬಟ್ಟೆ ಒಣಹಾಕಲು ಮೇಲೆ ಬಂದಳು.

“ಬಿಸಲಾಗ ಕುಂತು ಏನ್ ಮಾಡಾಕತ್ತೀರಿ?”

“ಏನಿಲ್ಲ,” ಎಂದೆ. “ಹುಡುಗ ಸಂಜಿಗೆ ಹೊಂಟಾನ. ಇದಕ್ಕಷ್ಟು ಉಣ್ಣಾಕ ನೀಡಾಕತ್ತೇನಿ.”