ಆಯ್ತಕ್ಕನ ಒಂದೇ ಮಾತು

ಚರ್ಚಿನ ಸಭೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು ಆಯ್ತಕ್ಕ. ಯಾರು ಯಾವ ಹೊತ್ತಿನಲ್ಲಿ ಏನು ಕೇಳಿದರೂ ‘ಆಯ್ತು’ ಎನ್ನುವುದು, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಡುವುದು.

ಮನೆಯ ಮುಂದಿನ ಕೋಣೆಯೇ ಅವಳ ಮತ್ತು ಅವಳ ತಂಗಿಯ ಇಸ್ತ್ರಿ ಅಂಗಡಿ. ಅಕ್ಕ ಇಸ್ತ್ರಿ ಹಾಕುವವಳು, ತಂಗಿ ಮಡಿಸಿ ಜೋಡಿಸುವವಳು. ಕೆಲಸದ ನಡುವೆ ಅಕ್ಕ ಪೆಟ್ಟಿಗೆ ಆರಿಸಿ ಎದ್ದಳೆಂದರೆ ಎಲ್ಲೋ ಯಾರೋ ಹಾಸಿಗೆ ಹಿಡಿದಿದ್ದಾರೆಂದೇ ಅರ್ಥ. ಹೊರಳಲಾಗದವರನ್ನು ಹೊರಳಿಸಿ ಬೆನ್ನು ಒರೆಸುವುದು, ಮುದುಕರ ಗಟ್ಟಿ ಉಗುರನ್ನು ಬಿಸಿನೀರಲ್ಲಿ ನೆನೆಸಿ ಕತ್ತರಿಸುವುದು, ತೀರಿಕೊಂಡವರನ್ನು ತೊಳೆದು ಬಟ್ಟೆ ತೊಡಿಸುವುದು. ಹೆತ್ತ ಮಕ್ಕಳೇ ಮೂಗು ಮುಚ್ಚಿಕೊಳ್ಳುವ ಕೆಲಸವೆಲ್ಲ ಅವಳ ಪಾಲಿಗೆ. ಇಷ್ಟಾದರೂ ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡಮ್ಮ ಅಂದರೆ ನಾಚಿ ನೀರಾಗಿ ಪಾದ್ರಿಗಳ ಕಡೆ ಕೈ ತೋರಿಸುತ್ತಿದ್ದಳು.

ಗಂಟೆ ಹೊಡೆಯುವ ಮುದುಕ ಮಹಾ ತರಲೆ. ಒಮ್ಮೆ ಬಾಗಿಲಲ್ಲೇ ತಡೆದು, “ಆಯ್ತಕ್ಕಾ, ನಾಳೆ ನೀನೇ ಸತ್ತರೆ ಸ್ನಾನ ಮಾಡಿಸೋಕೆ ಯಾರನ್ನ ಕರೀಲಿ? ನೀನೇ ಬಂದ್ಬಿಡ್ತೀಯಾ?” ಎಂದು ಕೇಳಿದ. ಅವಳು ಯಾವುದೋ ಯೋಚನೆಯಲ್ಲಿ, “ಆಯ್ತು” ಅಂದಳು. ಸಭೆಯವರು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ತಂಗಿ ಮಾತ್ರ ನಗಲಿಲ್ಲ. ಅಕ್ಕನ ಆಯ್ತು ಒಂದಲ್ಲ, ಎರಡು ಎನ್ನುವುದು ಅವಳೊಬ್ಬಳಿಗೇ ತಿಳಿದ ಸಂಗತಿ. ಎಳೆದು ಹೇಳಿದರೆ ‘ಆಗಲಿ, ಮಾಡೋಣ’. ಮೊಟಕಾಗಿ ಹೇಳಿದರೆ ‘ಮುಗೀತು, ಇನ್ನು ಸಾಕು’. ಊಟಕ್ಕೆ ಕೂತಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಹೇಳುತ್ತಿದ್ದದ್ದು ಆ ಎರಡನೆಯದು. ಹೊರಗಿನವರಿಗೆ ಅದನ್ನು ಅವಳು ಹೇಳಿದ್ದೇ ಇಲ್ಲ. ಹೇಳು ಹೇಳು ಎಂದು ತಂಗಿ ಬೈದು ಬೈದು ಸೋತಿದ್ದಳು.

ಒಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಪಕ್ಕದಲ್ಲೇ ಆಯ್ತಕ್ಕ ಕುಸಿದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗೈ ಬಲಗಾಲು ಮರದ ತುಂಡು. ತಲೆಯಲ್ಲಿದ್ದ ಮಾತುಗಳೆಲ್ಲ ಅಳಿಸಿಹೋಗಿ ಒಂದೇ ಒಂದು ಉಳಿದಿತ್ತು. ನೀರು ಬೇಕಾ? ಆಯ್ತು. ನೋವಿದೆಯಾ? ಆಯ್ತು. ನಾನು ಯಾರು ಹೇಳು? ಆಯ್ತು. ಎಳೆತವೂ ಇಲ್ಲ, ಮೊಟಕೂ ಇಲ್ಲ, ತೂತು ಕೊಡದಿಂದ ನೀರು ಸೋರಿದ ಹಾಗೆ. ಬೇಕಿದ್ದರೆ ಕೈ ಹಿಸುಕು ಅಂದರೆ ಹಿಸುಕಿದಳು; ಬೇಡವಾದರೆ ಹಿಸುಕು ಅಂದರೂ ಹಿಸುಕಿದಳು.

ಸಭೆಗೆ ಸಭೆಯೇ ಬಂದು ಮಂಚದ ಸುತ್ತ ನಿಂತಿತು. ಎಲ್ಲರಿಗೂ ಏನಾದರೂ ಮಾಡುವ ಆಸೆ. ಆದರೆ ಮಲಗಿದವರ ಮಗ್ಗುಲು ಬದಲಿಸುವುದು ಹೇಗೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅದನ್ನೆಲ್ಲ ಆಯ್ತಕ್ಕನೇ ಮಾಡುತ್ತಿದ್ದಳಲ್ಲ. ಒಬ್ಬಳು ತೋಳು ಎಳೆದಳು, ಇನ್ನೊಬ್ಬಳು ದಿಂಬು ಎಳೆದಳು, ಕಡೆಗೆ ಇಬ್ಬರೂ ಕೈಚೆಲ್ಲಿ ಅತ್ತರು.

ಗಂಜಿ ಗಂಟಲಲ್ಲಿ ಇಳಿಯದೆ ಉಸಿರಿನ ದಾರಿ ಹಿಡಿಯತೊಡಗಿತು. ಡಾಕ್ಟರು ಬಂದು ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಬೇಕು ಎಂದರು. ಇಳಿಸಿದರೆ ಕೆಲವು ದಿನ ತಳ್ಳಬಹುದು, ಎದ್ದು ಓಡಾಡುತ್ತಾರೆಂಬ ಆಸೆ ಬೇಡ, ಬೇಡವೆಂದರೆ ಬಲವಂತವಿಲ್ಲ. ಬಗ್ಗಿ ಕೇಳಿದರು: “ಅಮ್ಮಾ, ನಳಿಗೆ ಹಾಕೋಣ್ವಾ?”

“ಆಯ್ತು.”

“ನೋಡಿ, ಒಪ್ಕೊಂಡ್ರು,” ಅಂದರು ಡಾಕ್ಟರು.

ತಂಗಿ ಪಾದ್ರಿಗಳ ಕಡೆ ತಿರುಗಿದಳು. “ಹಾಕಿ ಅಂದ್ಳೋ, ಸಾಕು ಅಂದ್ಳೋ? ನೀವಾದ್ರೂ ಹೇಳಿ.”

“ಅವರ ಬಾಯಿಂದಲೇ ಬಂತಲ್ಲಮ್ಮ.”

“ಆ ಬಾಯಲ್ಲಿ ಇನ್ನೇನು ಬರುತ್ತೆ, ಪಾದ್ರಿಗಳೇ?”

ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದರು. ಅದು ಮುಗಿಯುವಷ್ಟರಲ್ಲಿ ತಂಗಿ ಹೂಂ ಅಂದಾಗಿತ್ತು. ಅಕ್ಕನನ್ನು ಉಪವಾಸ ಕೆಡವುವುದಕ್ಕೆ ಅವಳ ಎದೆ ಒಪ್ಪಲಿಲ್ಲ.

ನಳಿಗೆ ಇಳಿದ ಸ್ವಲ್ಪ ಹೊತ್ತಿಗೆಲ್ಲ ಆಯ್ತಕ್ಕನ ಎಡಗೈ ಮೇಲೆದ್ದು ಮೂಗಿನ ಕಡೆ ಹೋಯಿತು. ತೆಗೆದು ಕೆಳಗಿಟ್ಟರೆ ಮತ್ತೆ ಎದ್ದಿತು. ನರ್ಸ್ ಬಟ್ಟೆಪಟ್ಟಿ ತಂದು ಕೈಯನ್ನು ಮಂಚದ ಸರಳಿಗೆ ಬಿಗಿದಳು. ತಂಗಿ ಬಿಚ್ಚಿಸಿದಳು.

“ಕಟ್ಟಬಾರದು ಅಂದ್ರೆ ನೀವೇ ಹಿಡ್ಕೊಂಡು ಕೂತ್ಕೋಬೇಕು, ಅಮ್ಮ. ಗೊತ್ತಿಲ್ದೇ ಕೀಳ್ತಾರೆ.”

ಗೊತ್ತಿಲ್ಲದೆಯೋ, ಗೊತ್ತಿದ್ದೋ. ತಂಗಿ ಎರಡೂ ಕೈಯಿಂದ ಆ ಕೈಯನ್ನು ಅದುಮಿ ಹಿಡಿದು ಕೂತಳು. ಒಂದು ಮಗ್ಗುಲೇ ಬಿದ್ದುಹೋದ ಹೆಂಗಸಿಗೆ ಅಷ್ಟು ಕಸುವು ಎಲ್ಲಿತ್ತೋ, ಎಳೆದು ಎಳೆದು ತಂಗಿಯ ಮಣಿಕಟ್ಟು ಊದಿತು. “ಬೇಡ ಅನ್ನು ಅಕ್ಕಾ, ಒಂದೇ ಒಂದ್ಸಲ ಅನ್ನು, ಬಿಡ್ತೀನಿ,” ಎಂದು ಕಿವಿಯ ಹತ್ತಿರ ಬಾಗಿ ಬೇಡಿಕೊಂಡಳು. ಬಂದದ್ದು ಅದೇ ಮಾತು. ದಿನ ಹೋಗುತ್ತ ಎಳೆತ ಸಡಿಲವಾಯಿತು. ಆಮೇಲೆ ನಿಂತಿತು.

ನೆನಪಿನ ಆರಾಧನೆಯ ದಿನ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬರೇ ಎದ್ದು ಅವಳು ತಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳಿದರು. ಕೊನೆಯಲ್ಲಿ ಗಂಟೆಯ ಮುದುಕ ಮುಂದಿನ ಬೆಂಚಿನ ತನಕ ಬಂದು, ತಂಗಿಯ ತಲೆ ಸವರಿದ.

“ಎಲ್ಲರೂ ನೋಡಿದೀವಮ್ಮ. ಕಡೇ ಗಳಿಗೆವರೆಗೂ ನೀನು ಅಕ್ಕನ ಕೈ ಬಿಡಲಿಲ್ಲ.”

ಸಭೆ ಹೌದೆಂದು ಗೋಣು ಹಾಕಿತು. ತಂಗಿ ಊತ ಇನ್ನೂ ಇಳಿಯದ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡು ತಲೆ ತಗ್ಗಿಸಿದಳು.